ಮಹಡಿ ಕಟ್ಟಿದವನ ಹೆಸರು ನೋಟಿಸ್‌ನಲ್ಲಿ ಯಾಕಿಲ್ಲ?

ಇವರಿಗೆ,
ಮುಖ್ಯ ಆಯುಕ್ತರು, ಗ್ರೇಟರ್ ಬೆಂಗಳೂರು ಪ್ರಾಧಿಕಾರ,
ಹಾಗೂ ಬೆಂಗಳೂರಿನ ಐದೂ ನಗರ ಪಾಲಿಕೆಗಳ ಆಯುಕ್ತರು.

ವಿಷಯ: ಬಾಡಿಗೆ ಕಟ್ಟಡಗಳಲ್ಲಿ ಪರವಾನಗಿ ಇಲ್ಲದೆ ಕೆಲಸ ಮಾಡುವ ಗುತ್ತಿಗೆದಾರರ ಹೊಣೆ.

ಮಾನ್ಯರೇ,

ಬಾಡಿಗೆದಾರರು ವಾಸವಿರುವ ಕಟ್ಟಡದ ಮೇಲೆ ನಕ್ಷೆ ಮಂಜೂರಾತಿ ಇಲ್ಲದೆ ಇನ್ನೊಂದು ಮಹಡಿ ಎದ್ದರೆ, ಯಾರಾದರೂ ದೂರು ಕೊಟ್ಟರೆ, ಪಾಲಿಕೆಯಿಂದ ನೋಟಿಸ್ ಬರುತ್ತದೆ. ಅದರಲ್ಲಿ ಮಾಲೀಕರ ಹೆಸರಿರುತ್ತದೆ, ಸ್ವತ್ತಿನ ಸಂಖ್ಯೆ ಇರುತ್ತದೆ, ಎಷ್ಟು ಉಲ್ಲಂಘನೆಯಾಗಿದೆ ಎಂಬ ಲೆಕ್ಕವೂ ಇರುತ್ತದೆ. ಕಾಲಂ ಎಬ್ಬಿಸಿ, ಸೆಂಟ್ರಿಂಗ್ ಹೊಡೆದು, ಮೋಲ್ಡ್ ಹಾಕಿದವನ ಹೆಸರು ಮಾತ್ರ ಇರುವುದಿಲ್ಲ. ನೋಟಿಸ್ ಗೇಟಿಗೆ ಅಂಟುವ ಹೊತ್ತಿಗೆ ಅವನು ಕೊನೆಯ ಕಂತು ಎಣಿಸಿಕೊಂಡು ಮುಂದಿನ ಬೀದಿಯಲ್ಲಿ ಪಾಯ ತೋಡಿಸುತ್ತಿರುತ್ತಾನೆ.

ಮಾಲೀಕರು ನಿರಪರಾಧಿಗಳು ಎಂದು ವಾದಿಸಲು ನಾನು ಬರೆಯುತ್ತಿಲ್ಲ. ಆಸೆ ಅವರದೇ, ದುಡ್ಡೂ ಅವರದೇ. ಆದರೆ ಮಾಲೀಕ ಜೀವಮಾನದಲ್ಲಿ ಒಂದು ಸಲವೋ ಎರಡು ಸಲವೋ ಕಟ್ಟುತ್ತಾನೆ, ಗುತ್ತಿಗೆದಾರ ವರ್ಷವಿಡೀ ಕಟ್ಟುತ್ತಾನೆ. ಯಾವುದಕ್ಕೆ ಪರವಾನಗಿ ಬೇಕು, ಯಾವ ದಿನ ಯಾರೂ ತಪಾಸಣೆಗೆ ಬರುವುದಿಲ್ಲ, ಬಂದವರಿಗೆ ಏನು ಹೇಳಬೇಕು ಎಂಬುದೆಲ್ಲ ಅವನಿಗೆ ಕಂಠಪಾಠ. ಪ್ರತಿ ಸಲವೂ ಹೊಸ ಮಾಲೀಕನನ್ನು ಹಿಡಿದು ಹಳೆಯ ಗುತ್ತಿಗೆದಾರನನ್ನು ಬಿಡುತ್ತಾ ಹೋದರೆ ಅಕ್ರಮ ಮಹಡಿಗಳ ಸಂಖ್ಯೆ ಇಳಿಯುವುದಾದರೂ ಹೇಗೆ?

ನಮ್ಮ ವ್ಯವಸ್ಥೆಯ ವಿಚಿತ್ರವನ್ನು ನೋಡಿ. ಮನೆಗೆ ಕರೆಂಟ್ ಮೀಟರ್ ಕೂರಿಸಬೇಕಾದರೆ ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಪಡೆದ ಎಲೆಕ್ಟ್ರಿಕಲ್ ಗುತ್ತಿಗೆದಾರರ ಸಹಿ ಬೇಕು. ಜಲಮಂಡಳಿಯ ಸಂಪರ್ಕಕ್ಕೆ ಲೈಸೆನ್ಸ್ ಇರುವ ಪ್ಲಂಬರ್ ಬೇಕು. ನಕ್ಷೆಗೆ ನೋಂದಾಯಿತ ಆರ್ಕಿಟೆಕ್ಟ್ ಅಥವಾ ಎಂಜಿನಿಯರ್ ಸಹಿ ಹಾಕಬೇಕು. ಲೋಕೋಪಯೋಗಿ ಇಲಾಖೆಯ ಚರಂಡಿ ಕಟ್ಟಬೇಕೆಂದರೂ ದರ್ಜೆವಾರು ನೋಂದಣಿ ಕೇಳುತ್ತಾರೆ. ಆದರೆ ಆರು ಕುಟುಂಬಗಳ ನೆತ್ತಿಯ ಮೇಲೆ ಹತ್ತಾರು ಟನ್ ಕಾಂಕ್ರೀಟ್ ಸುರಿಯುವ ಖಾಸಗಿ ಗುತ್ತಿಗೆದಾರನಿಗೆ ಏನೂ ಬೇಡ. ಒಂದು ವಿಸಿಟಿಂಗ್ ಕಾರ್ಡ್, ಒಂದು ಬೈಕ್, ನಾಲ್ಕು ಜನ ಸೆಂಟ್ರಿಂಗ್‌ನವರ ಫೋನ್ ನಂಬರ್ ಸಾಕು. ರಿಯಲ್ ಎಸ್ಟೇಟ್ ನಿಯಂತ್ರಣಕ್ಕೆ ರೇರಾ ಇದೆಯಲ್ಲ ಎನ್ನಬಹುದು. ಅದು ಮಾರಾಟದ ಯೋಜನೆಗಳಿಗೆ ಇರುವ ಕಾನೂನು. 500 ಚದರ ಮೀಟರ್ ಮೀರದ ಜಾಗ, ಎಂಟು ಮೀರದ ಮನೆಗಳು ಇದ್ದರೆ ಮಾರಾಟಕ್ಕಿದ್ದರೂ ಅದರ ನೋಂದಣಿ ಬೇಡ. ಬಾಡಿಗೆಗೆ ಕೊಡಲು ಕಟ್ಟುವ 30x40ರ ಕಟ್ಟಡವಂತೂ ಅದರ ಕಣ್ಣಿಗೇ ಬೀಳುವುದಿಲ್ಲ.

ನಾನೂ ಒಬ್ಬ ಮನೆ ಮಾಲೀಕ. ಅಪ್ಪ ಕಟ್ಟಿಸಿದ ಮನೆ, ಕೆಳಗೆ ನಾವು, ಮೇಲೆ ಬಾಡಿಗೆಯವರು. ಇನ್ನೊಂದು ಮಹಡಿ ಏರಿಸುವ ವಿಚಾರ ಬಂದಾಗ ಕೆಲವರನ್ನು ಕರೆಸಿ ಕೊಟೇಶನ್ ಕೇಳಿದೆ. ಬಂದವರು ಟೆರೇಸಿಗೆ ಹತ್ತಿದರು, ಟೇಪ್ ಹಿಡಿದು ಅಳೆದರು, ಮೂಲೆಗಳಲ್ಲಿ ಅಪ್ಪ ಮುಂದಕ್ಕೆಂದು ಬಿಟ್ಟಿದ್ದ ಕಂಬಿಗಳನ್ನು ಬಗ್ಗಿಸಿ ನೋಡಿ 'ಗಟ್ಟಿ ಇದೆ ಸಾರ್' ಅಂದರು. ದಶಕಗಳ ಮಳೆಬಿಸಿಲಿಗೆ ಪದರ ಪದರವಾಗಿ ತುಕ್ಕು ಏಳುತ್ತಿದ್ದ ಕಂಬಿಗಳು ಅವು, ಉಗುರಿನಿಂದ ಕೆರೆದರೆ ಚಕ್ಕೆ ಬರುತ್ತಿತ್ತು. ಹಳೆಯ ನಕ್ಷೆ ಎಲ್ಲಿದೆ, ಪಾಯದ ಆಳ ಎಷ್ಟು, ಫೂಟಿಂಗ್ ಎಷ್ಟಕ್ಕೆಷ್ಟು ಎಂದು ಕೇಳಿದವರು ಅಷ್ಟೂ ಜನರಲ್ಲಿ ಒಬ್ಬರೇ. ಉಳಿದವರ ಕೊಟೇಶನ್‌ಗಳಲ್ಲಿ ಒಂದನ್ನು ಈಗಲೂ ಇಟ್ಟುಕೊಂಡಿದ್ದೇನೆ. ಸ್ಕ್ವೇರಿಗೆ ಇಷ್ಟು ಎಂದು ಮೇಲಿನಿಂದ ಕೆಳಗೆ ಲೆಕ್ಕ, ಸಿಮೆಂಟ್ ಯಾವುದು, ಕಂಬಿ ಯಾವುದು, ಟೈಲ್ಸ್ ಎಷ್ಟರದು, ಎಲ್ಲ ವಿವರ. ಕೊನೆಯಲ್ಲಿ ಒಂದು ಸಾಲು: 'ಆಫೀಸ್ ಖರ್ಚು'. ಅದರ ಮುಂದೆ ದುಂಡಗೆ ಒಂದು ಮೊತ್ತ. ಏನಪ್ಪಾ ಇದು ಎಂದರೆ, 'ಪ್ಲಾನಿಗೆ ಹೋದ್ರೆ ಇದರ ಮೂರು ಪಟ್ಟು ಆಗುತ್ತೆ ಸಾರ್, ಇದು ಬರೀ ಯಾರೂ ಬರದ ಹಾಗೆ ನೋಡ್ಕೊಳ್ಳೋಕೆ' ಎಂಬ ಉತ್ತರ. ರಸೀದಿ ಕೇಳಿದ್ದಕ್ಕೆ ನಕ್ಕುಬಿಟ್ಟರು. ಆ ದುಡ್ಡು ನಿಜವಾಗಿ ಯಾವ ಆಫೀಸಿಗಾದರೂ ತಲುಪುತ್ತದೆಯೋ, ಇಲ್ಲ ಅವರದೇ ಜೇಬಿಗೆ ಇಳಿಯುತ್ತದೆಯೋ ದೇವರೇ ಬಲ್ಲ. ಎರಡರಲ್ಲಿ ಯಾವುದಾದರೂ ನಿಮ್ಮ ಇಲಾಖೆಯ ಹೆಸರಿನಲ್ಲಿ ಬಜಾರಿನಲ್ಲಿ ಒಂದು ದರಪಟ್ಟಿ ಓಡಾಡುತ್ತಿದೆ ಎಂಬುದು ನಿಮಗೆ ಗೊತ್ತಿರಲಿ.

ಪರವಾನಗಿ ಬೇಡ ಎನ್ನಲು ಇಂಥ ಗುತ್ತಿಗೆದಾರರ ಬಳಿ ಸಿದ್ಧ ಮಾತುಗಳಿವೆ. 'ಪಕ್ಕದವರು ಕಟ್ಟಿಲ್ವಾ?' ಮೊದಲನೆಯದು, ಅದಕ್ಕೆ ಬೆಂಗಳೂರಿನ ಯಾವ ಬೀದಿಯಲ್ಲಿ ನಿಂತರೂ ಉತ್ತರ ಸಿಗದು. 'ಅಕ್ರಮ ಸಕ್ರಮ ಬಂದಾಗ ಮಾಡಿಸ್ಕೊಂಡ್ರಾಯ್ತು' ಎರಡನೆಯದು. ದಂಡ ಕಟ್ಟಿಸಿಕೊಂಡು ಅಕ್ರಮ ಕಟ್ಟಡವನ್ನು ಸಕ್ರಮ ಮಾಡುವ ಆ ಯೋಜನೆಗೆ ಸುಪ್ರೀಂ ಕೋರ್ಟ್ 2017ರಲ್ಲೇ ತಡೆ ಕೊಟ್ಟದ್ದು ಇವರಿಗೆ ಗೊತ್ತಿಲ್ಲವೆಂದಲ್ಲ, ಮಾಲೀಕರಿಗೆ ಗೊತ್ತಿಲ್ಲ ಎಂಬುದು ಇವರಿಗೆ ಗೊತ್ತು. ಈಚೆಗೆ ಹೊಸದೊಂದು ಸೇರಿಕೊಂಡಿದೆ: 'ಥರ್ಟಿ ಫಾರ್ಟಿಗೆ ಈಗ ಏನೂ ಬೇಡ, ಸರ್ಕಾರವೇ ಬಿಟ್ಟಿದೆ.' 1,200 ಚದರ ಅಡಿವರೆಗಿನ ನಿವೇಶನದಲ್ಲಿ ನೆಲಮಹಡಿ ಮತ್ತು ಎರಡು ಅಂತಸ್ತು, ಅಥವಾ ಸ್ಟಿಲ್ಟ್ (ಕಂಬಗಳ ಮೇಲಿನ ಪಾರ್ಕಿಂಗ್ ಅಂತಸ್ತು) ಮತ್ತು ಮೂರು ಅಂತಸ್ತಿನ ವಾಸದ ಮನೆಗಳಿಗೆ ಸ್ವಾಧೀನಾನುಭವ ಪತ್ರದಿಂದ, ಅಂದರೆ ಒಸಿಯಿಂದ, 2025ರಲ್ಲಿ ಸರ್ಕಾರ ವಿನಾಯಿತಿ ಕೊಟ್ಟಿತು. ವಿನಾಯಿತಿ ಒಸಿಗೆ, ನಕ್ಷೆಗಲ್ಲ. ಆ ಮಿತಿ ಮೀರಿದ ಮಹಡಿಗಂತೂ ಒಸಿಯ ವಿನಾಯಿತಿಯೂ ಇಲ್ಲ. ಆದರೆ ಸರ್ಕಾರಿ ಆದೇಶ ಪತ್ರಿಕೆಯಲ್ಲಿ ಬಂದು ಮೇಸ್ತ್ರಿಯ ಬಾಯಿ ತಲುಪುವಷ್ಟರಲ್ಲಿ 'ಏನೂ ಬೇಡ' ಆಗಿಬಿಟ್ಟಿದೆ. ಇದನ್ನು ತಿದ್ದಲು ನಿಮ್ಮಿಂದ ಸರಳ ಕನ್ನಡದಲ್ಲಿ ಒಂದು ಪ್ರಕಟಣೆ ಬಂದದ್ದನ್ನು ನಾನು ಕಾಣೆ.

ಬಾಡಿಗೆ ಕಟ್ಟಡಗಳನ್ನೇ ಎತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ. ಸ್ವಂತ ವಾಸಕ್ಕೆ ಕಟ್ಟುವವನು ತಾನು ಮಲಗುವ ಜಾಗ ಎಂದಾದರೂ ಒಮ್ಮೆ ಯೋಚಿಸುತ್ತಾನೆ. ಬಾಡಿಗೆಯ ಲೆಕ್ಕ ಬೇರೆ. ಒಂದು ತಿಂಗಳು ತಡವಾದರೆ ಒಂದು ತಿಂಗಳ ಬಾಡಿಗೆ ಹೋಯಿತು. ಹೀಗಾಗಿ 'ಮೂರು ತಿಂಗಳಲ್ಲಿ ಕೀ ಕೊಡ್ತೀನಿ' ಎನ್ನುವವನಿಗೆ ಕೆಲಸ ಸಿಗುತ್ತದೆ, 'ಮೊದಲು ಪ್ಲಾನ್ ಆಗಲಿ' ಎನ್ನುವವನಿಗೆ ಸಿಗುವುದಿಲ್ಲ. ಕೆಳಗಿನ ಮನೆಗಳನ್ನು ಖಾಲಿ ಮಾಡಿಸಿದರೆ ಅದೂ ನಷ್ಟವೇ, ಆದ್ದರಿಂದ ಜನ ಒಳಗಿರುವಾಗಲೇ ಮೇಲೆ ಕೆಲಸ ನಡೆಯುತ್ತದೆ. ಶುಕ್ರವಾರ ಸಂಜೆಯೊಳಗೆ ಕಂಬಿ ಕಟ್ಟಿ ಮುಗಿಸುತ್ತಾರೆ. ಶನಿವಾರ ರಾತ್ರಿಯೋ ಭಾನುವಾರವೋ ಮೋಲ್ಡ್. ಸೋಮವಾರ ವಾರ್ಡ್ ಎಂಜಿನಿಯರ್ ಬಂದರೂ ಕಾಂಕ್ರೀಟ್ ಕುಳಿತಾಗಿರುತ್ತದೆ. ಬಾಡಿಗೆದಾರರ ಕಾಮನ್ ಮೀಟರಿನಿಂದಲೇ ಕರೆಂಟು, ಅವರ ಸಂಪಿನಿಂದಲೇ ಕ್ಯೂರಿಂಗಿಗೆ ನೀರು. ಬಿಲ್ಲು ಏರಿದರೆ ಅದನ್ನು ಹಂಚಿಕೊಳ್ಳುವವರೂ ಅವರೇ.

ನಮ್ಮ ಬೀದಿಯಲ್ಲೇ ನಡೆದದ್ದು ಹೇಳುತ್ತೇನೆ. ಗಂಡನನ್ನು ಕಳೆದುಕೊಂಡ ಹಿರಿಯ ಹೆಂಗಸು, ಬಾಡಿಗೆಯೇ ಜೀವನಾಧಾರ. ಮೂರು ಅಂತಸ್ತಿನ ಮೇಲೆ ನಾಲ್ಕನೆಯದರಲ್ಲಿ ಸಾಲಾಗಿ ಸಿಂಗಲ್ ರೂಮುಗಳನ್ನು ಹಾಕಿಸಿದರೆ ಕೈಗೆ ಇಷ್ಟು ಬರುತ್ತದೆ ಎಂದು ಗುತ್ತಿಗೆದಾರನೇ ಆಸೆ ಹುಟ್ಟಿಸಿದ. ಬಿಳಿ ಹಾಳೆಯಲ್ಲಿ ಒಪ್ಪಂದ, ಕಂತು ಕಂತಾಗಿ ನಗದು. ಗೋಡೆಗೆ ನಾಲ್ಕಿಂಚಿನ ಸಾಲಿಡ್ ಬ್ಲಾಕು, ಹಿಂದೆ ಖಾಲಿ ಬಿಡಬೇಕಾದ ಸೆಟ್‌ಬ್ಯಾಕ್ ಜಾಗದ ಮೇಲಕ್ಕೆ ಚಾಚಿದ ಸ್ನಾನದ ಮನೆಗಳು, ನೆತ್ತಿಯ ಮೇಲೆ ಎರಡು ಸಿಂಟೆಕ್ಸ್. ಎರಡನೇ ಮಹಡಿಯ ಬಾಡಿಗೆದಾರರ ಅಡುಗೆಮನೆಯಲ್ಲಿ, ಬೀಮು ಕಾಲಮ್ಮಿಗೆ ಕೂಡುವಲ್ಲಿ, ಓರೆಯಾಗಿ ಒಂದು ಬಿರುಕು ಕಾಣಿಸಿಕೊಂಡಿತು. ಆ ಮನೆಯ ಹುಡುಗ ಪೆನ್ಸಿಲಿನಲ್ಲಿ ಬಿರುಕಿನ ತುದಿಗೆ ಗೆರೆ ಎಳೆದು ತಾರೀಖು ಬರೆದಿಟ್ಟಿದ್ದ, ನಾನು ನೋಡುವಾಗ ಬಿರುಕು ಗೆರೆ ದಾಟಿ ಮುಂದೆ ಹೋಗಿತ್ತು. ಗುತ್ತಿಗೆದಾರ ಬಂದು 'ಪ್ಲಾಸ್ಟರಿಂಗ್ ಕ್ರ್ಯಾಕು' ಎಂದು ಹೇಳಿ ವೈಟ್ ಸಿಮೆಂಟ್ ಮೆತ್ತಿಸಿ ಹೋದ. ದೂರು ಹೋಯಿತು, ನೋಟಿಸ್ ಬಂತು, ಆತನ ಫೋನ್ ಸ್ವಿಚ್ ಆಫ್ ಆಯಿತು. ನೋಟಿಸ್ ಹಿಡಿದು ಕಚೇರಿಗೆ ಅಲೆದದ್ದು ಆ ತಾಯಿ. ಮನೆ ಖಾಲಿ ಮಾಡಿದ್ದು ಬಾಡಿಗೆದಾರರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದು ಇದಕ್ಕೇ.

ಆಕೆ ಅವನ ಮೇಲೆ ದಾವೆ ಹಾಕಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ವಕೀಲರನ್ನು ಕೇಳಿ ನೋಡಿ. ಕಾನೂನು ನಿಷೇಧಿಸಿದ ಕೆಲಸಕ್ಕೆ ಮಾಡಿಕೊಂಡ ಒಪ್ಪಂದ 1872ರ ಕರಾರು ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಅನೂರ್ಜಿತ. ಪರವಾನಗಿ ಇಲ್ಲದ ಮಹಡಿಯ ಒಪ್ಪಂದ ಹಿಡಿದು ಕೋರ್ಟಿಗೆ ಹೋದರೆ ಎದುರು ವಕೀಲರ ಮೊದಲ ವಾದ ಅದೇ ಆಗಿರುತ್ತದೆ. ಗುತ್ತಿಗೆದಾರನಿಗೆ ಪರವಾನಗಿ ಇಲ್ಲದ ಕೆಲಸವೇ ಹೆಚ್ಚು ಕ್ಷೇಮ ಎಂಬುದು ನನಗೆ ಅರ್ಥವಾದದ್ದು ಆಗ. ಕೆಲಸ ಸಕ್ರಮವಾಗಿದ್ದರೆ ಗ್ರಾಹಕರ ನ್ಯಾಯಾಲಯದಲ್ಲಿ ಅವನು ಉತ್ತರ ಹೇಳಬೇಕಾಗುತ್ತದೆ, ಏಕೆಂದರೆ ಮನೆ ನಿರ್ಮಾಣವೂ ಅಲ್ಲಿ 'ಸೇವೆ'ಯೇ. ಅಕ್ರಮವಾಗಿದ್ದರೆ ಮಾಲೀಕನೇ ಬಾಯಿ ಮುಚ್ಚಿಕೊಂಡಿರುತ್ತಾನೆ.

ಇದು ಬರೀ ದುಡ್ಡಿನ ಮಾತಲ್ಲ ಎಂಬುದು ನಿಮಗೂ ಗೊತ್ತು. 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಇನ್ನೂ ಕೆಲಸ ನಡೆಯುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು, ಕೆಳಗಿನ ಅಂತಸ್ತಿನಲ್ಲಿ ಆಗಲೇ ಅಂಗಡಿಗಳ ವ್ಯವಹಾರ ಶುರುವಾಗಿತ್ತು. 2021ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಲಕ್ಕಸಂದ್ರದಲ್ಲಿ ಮೆಟ್ರೊ ಕಾರ್ಮಿಕರು ವಾಸವಿದ್ದ ಹಳೆಯ ಕಟ್ಟಡ ಬಿತ್ತು. ಸಕಾಲಕ್ಕೆ ಜನರನ್ನು ಹೊರಗೆ ಕಳಿಸಿದ್ದರಿಂದ ಜೀವ ಉಳಿಯಿತು, ಇಲ್ಲದಿದ್ದರೆ ಆ ಲೆಕ್ಕವೂ ದೊಡ್ಡದಾಗುತ್ತಿತ್ತು. 2024ರ ಅಕ್ಟೋಬರ್ 22ರಂದು ಮಳೆಯ ನಡುವೆ ಹೊರಮಾವು ಬಳಿಯ ಬಾಬುಸಾಪಾಳ್ಯದಲ್ಲಿ, ಮಂಜೂರಾದದ್ದಕ್ಕಿಂತ ಹೆಚ್ಚು ಅಂತಸ್ತು ಏರಿಸಿದ್ದ ಕಟ್ಟಡ ನೆಲಕಚ್ಚಿತು. ಸತ್ತವರು ಕಾರ್ಮಿಕರು, ಅವರಲ್ಲಿ ಅನೇಕರು ಬಿಹಾರ, ಆಂಧ್ರ ಕಡೆಯಿಂದ ಹೊಟ್ಟೆಪಾಡಿಗೆ ಬಂದವರು. ನೋಟಿಸ್ ಕೊಟ್ಟಿದ್ದೆವು ಎಂದು ಪಾಲಿಕೆ ಆಗ ಹೇಳಿತು. ನೋಟಿಸ್ ಇತ್ತು, ಕೆಲಸವೂ ನಡೆದಿತ್ತು, ಎರಡೂ ಒಟ್ಟೊಟ್ಟಿಗೆ.

ದುರಂತ ಆದಮೇಲೆ ಗುತ್ತಿಗೆದಾರನನ್ನು ಬಂಧಿಸುತ್ತಾರೆ, ಸರಿ. ಅದು ಪೊಲೀಸರ ಕೆಲಸ, ಅದೂ ಹೆಣ ಬಿದ್ದ ಮೇಲೆ. ಅದಕ್ಕೆ ಮುಂಚೆ, ಸೆಂಟ್ರಿಂಗ್ ಹೊಡೆಯುವ ಹೊತ್ತಿಗೆ, ಅವನನ್ನು ತಡೆಯುವ ಅಧಿಕಾರ ಯಾರ ಕೈಯಲ್ಲಿದೆ? ಊರಿಗೆಲ್ಲ ಒಂದೇ ಪಾಲಿಕೆಯಾಗಿದ್ದ ಬಿಬಿಎಂಪಿ ಕಾಲದಲ್ಲಿ, ಅದರ ಕಾಯ್ದೆಯ ಸೆಕ್ಷನ್ 248(1) ಅಂದರೆ ತಾತ್ಕಾಲಿಕ ಆದೇಶ, 248(3) ಅಂದರೆ ಅಂತಿಮ ಆದೇಶ, 356 ಅಂದರೆ ಕೆಡವುವುದು ಎಂದು ಬೀದಿಯ ಮಕ್ಕಳಿಗೂ ಬಾಯಿಪಾಠವಾಗಿತ್ತು. ಒಂದರಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಮೇಲ್ಮನವಿ, ತಡೆಯಾಜ್ಞೆ, ಗೃಹಪ್ರವೇಶ, ಬಾಡಿಗೆ ಕರಾರು ಎಲ್ಲ ಮುಗಿದಿರುತ್ತಿತ್ತು. ಈಗ ಕಾಯ್ದೆ ಹೊಸದು, 2025ರ ಸೆಪ್ಟೆಂಬರ್‌ನಿಂದ ಪಾಲಿಕೆಗಳೂ ಐದು. ಹಳೆಯ ಕಡತಗಳ ಜೊತೆ ಹಳೆಯ ಅಭ್ಯಾಸವೂ ಹೊಸ ಕಚೇರಿಗಳಿಗೆ ವರ್ಗವಾಗಬೇಕಿಲ್ಲ.

ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ದೇಶಕ್ಕೆಲ್ಲ ಅನ್ವಯಿಸುವ ನಿರ್ದೇಶನಗಳನ್ನು ಕೊಟ್ಟಿದೆ. ಕೆಲಸ ಮುಗಿಯುವವರೆಗೂ ಮಂಜೂರಾದ ನಕ್ಷೆ ಸ್ಥಳದಲ್ಲಿ ಪ್ರದರ್ಶಿಸಿರಬೇಕು, ಅಧಿಕಾರಿಗಳು ಆಗಾಗ ತಪಾಸಣೆ ನಡೆಸಿ ದಾಖಲೆ ಇಡಬೇಕು, ಕಾಮಗಾರಿ ಪೂರ್ಣಗೊಂಡ ಪ್ರಮಾಣಪತ್ರ ಅಥವಾ ಒಸಿ ನೋಡಿದ ಮೇಲೆಯೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕು, ಬ್ಯಾಂಕುಗಳೂ ಅದನ್ನು ನೋಡಿಯೇ ಸಾಲ ಕೊಡಬೇಕು. ಕರೆಂಟ್ ಸಿಗದೆ ಹೊಸ ಮನೆಗಳವರು ಪಟ್ಟ ಪಾಡು ಪತ್ರಿಕೆಗಳಲ್ಲಿ ತುಂಬಾ ಬಂತು. ಆದರೆ ಆ ಕುಣಿಕೆ ಬಾಡಿಗೆ ಕಟ್ಟಡದ ಹೆಚ್ಚುವರಿ ಮಹಡಿಗೆ ಬೀಳುವುದೇ ಇಲ್ಲ. ಕೆಳಗೆ ಮೀಟರ್ ಆಗಲೇ ಇದೆ. ಗೋಡೆಯ ಹೊರಗೆ ಒಂದು ಪಿವಿಸಿ ಪೈಪ್ ಇಳಿಬಿಟ್ಟು ವೈರ್ ಎಳೆದು, ಮೇಲೆ ಖಾಸಗಿ ಸಬ್ ಮೀಟರ್ ಹಾಕಿದರೆ ಮುಗಿಯಿತು. ಮಂಜೂರಾದ ಲೋಡ್ ಎರಡು ಗೀಸರಿಗೆ, ಓಡುವುದು ಐದು. ಕೆಳಗಿನ ಮನೆಯವರ ಸ್ವಿಚ್‌ಬೋರ್ಡ್ ಬಿಸಿಯಾದಾಗ 'ಎಂಸಿಬಿ ಚೇಂಜ್ ಮಾಡಿಸಿ' ಎನ್ನುತ್ತಾರೆ, ಲೋಡ್ ಹೆಚ್ಚಿಸಲು ಅರ್ಜಿ ಹಾಕಿ ಎನ್ನುವುದಿಲ್ಲ. ಒಳಚರಂಡಿಯೂ ಹಾಗೆಯೇ, ನಾಲ್ಕು ಹೊಸ ಶೌಚಾಲಯಗಳು ಹಳೆಯ ನಾಲ್ಕಿಂಚಿನ ಪೈಪಿಗೇ ಸೇರುತ್ತವೆ. ಪಿಜಿ ಮಾಡುವವರು ಮೆಟ್ಟಿಲಿನ ಪಕ್ಕದ ಡಕ್ಟ್‌ನಲ್ಲಿ ಲಿಫ್ಟ್ ಕೂರಿಸುತ್ತಾರೆ. ಅದಕ್ಕೆ 2012ರ ರಾಜ್ಯದ ಲಿಫ್ಟ್ ಕಾಯ್ದೆಯಡಿ ಪ್ರತ್ಯೇಕ ಅನುಮತಿ ಬೇಕೆಂದು ಹೇಳಿದರೆ ಗುತ್ತಿಗೆದಾರ ಆಶ್ಚರ್ಯದಿಂದ ನೋಡುತ್ತಾನೆ. ಪಿಜಿಯಲ್ಲಿ ಒಬ್ಬರಿಗೆ ಕನಿಷ್ಠ 70 ಚದರ ಅಡಿ ಇರಬೇಕೆಂದು 2024ರಲ್ಲಿ ಬಿಬಿಎಂಪಿಯೇ ಮಾರ್ಗಸೂಚಿ ಹೊರಡಿಸಿತ್ತು. ಪ್ಲೈವುಡ್ ಪಾರ್ಟಿಷನ್ ಹೊಡೆದು ಒಂದು ಕೋಣೆಯನ್ನು ಮೂರು ಮಾಡುವವನಿಗೆ ಆ ಮಾರ್ಗಸೂಚಿ ತಲುಪಿಲ್ಲ, ಏಕೆಂದರೆ ತಲುಪಿಸಲು ಅವನ ವಿಳಾಸವೇ ನಿಮ್ಮ ಬಳಿ ಇಲ್ಲ.

ಇನ್ನೊಂದು ಪಕ್ಷವೂ ಇದೆ, ಹೇಳದಿದ್ದರೆ ಅನ್ಯಾಯವಾದೀತು. ಪರವಾನಗಿ ತೆಗೆದುಕೊಳ್ಳಬೇಕೆಂದರೂ ಸಿಗದವರು ಈ ಊರಿನಲ್ಲಿ ಲಕ್ಷಗಟ್ಟಲೆ ಇದ್ದಾರೆ. ರೆವಿನ್ಯೂ ಸೈಟು, ಬಿ ಖಾತಾ, ಅಂದರೆ ಅನುಮೋದಿತ ಬಡಾವಣೆಯಲ್ಲದ ನಿವೇಶನ ಎಂದರೆ ನಕ್ಷೆಯ ಬಾಗಿಲೇ ಮುಚ್ಚಿತ್ತು. ಬಾಗಿಲು ಮುಚ್ಚಿದ ಕಡೆ ಕಿಟಕಿ ತೋರಿಸುವವನಿಗೆ ವ್ಯಾಪಾರ ಕುದುರುತ್ತದೆ, ಗುತ್ತಿಗೆದಾರರು ಬೆಳೆದದ್ದು ಹಾಗೆ. ಈಗ ಬಿ ಖಾತಾದಿಂದ ಎ ಖಾತಾಕ್ಕೆ ದಾರಿ ತೆರೆದಿದ್ದೀರಿ. 50x80 ಅಡಿವರೆಗಿನ ನಿವೇಶನದ ವಾಸದ ಮನೆಗಳಿಗೆ ನೋಂದಾಯಿತ ಎಂಜಿನಿಯರ್ ಮೂಲಕ ಆನ್‌ಲೈನಿನಲ್ಲೇ ನಕ್ಷೆ ಪಡೆಯುವ 'ನಂಬಿಕೆ ನಕ್ಷೆ' 2024ರಿಂದ ಇದೆ. 'ಪ್ಲಾನಿಗೆ ಆರು ತಿಂಗಳು ಅಲೀಬೇಕು' ಎಂಬ ಹಳೆಯ ಮಾತು ಮೊದಲಿನಂತೆ ನಡೆಯಬಾರದು. ಹಾಗೆಯೇ, ಸುಣ್ಣ ಬಣ್ಣ, ನೆಲಹಾಸು, ಪ್ಲಾಸ್ಟರಿಂಗ್, ಕಿಟಕಿ ಬದಲಾವಣೆಯಂಥ ದುರಸ್ತಿಗೆ ನಕ್ಷೆ ಬೇಕಿಲ್ಲ. ಮನೆ ಮುಂದೆ ಒಂದು ಲೋಡ್ ಎಂ-ಸ್ಯಾಂಡ್ ಬಿದ್ದ ಕೂಡಲೇ ಬೈಕಿನಲ್ಲಿ ಬಂದು 'ಏನ್ ಕೆಲಸ?' ಎಂದು ವಿಚಾರಿಸುವವರ ಕಾಟಕ್ಕೆ ಹೆದರಿಯೇ ಎಷ್ಟೋ ಜನ 'ಎಲ್ಲಾ ನೋಡ್ಕೋತೀನಿ' ಎನ್ನುವವನಿಗೆ ಗುತ್ತಿಗೆ ಕೊಡುತ್ತಾರೆ. ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ ಎಂದು ಪ್ರತಿ ವಾರ್ಡ್ ಕಚೇರಿಯ ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆಸಿದರೆ ಅರ್ಧ ದಂಧೆ ನಿಲ್ಲುತ್ತದೆ.

ನಿಯತ್ತಿನ ಗುತ್ತಿಗೆದಾರರೂ ಇದ್ದಾರೆ. ನನ್ನ ಬಳಿ ನಕ್ಷೆ ಕೇಳಿದ ಆ ಒಬ್ಬರು ಕಾಲಮ್ಮಿನ ಪಕ್ಕ ಗುಂಡಿ ತೆಗೆಸಿ ಫೂಟಿಂಗ್ ನೋಡಿದರು, ಸ್ಟ್ರಕ್ಚರಲ್ ಎಂಜಿನಿಯರ್‌ನ ಕರೆತಂದರು. 'ಇದರ ಮೇಲೆ ಒಂದೇ ಮಹಡಿ, ಅದೂ ಜಾಕೆಟಿಂಗ್ ಮಾಡಿದ ಮೇಲೆ' ಎಂದು, ಅಂದರೆ ಹಳೆಯ ಕಾಲಂಗಳ ಸುತ್ತ ಹೊಸ ಕಂಬಿ, ಕಾಂಕ್ರೀಟ್ ಹೊದಿಸಿ ಬಲಪಡಿಸಿದ ಮೇಲೆ ಎಂದು, ಬರೆದುಕೊಟ್ಟರು. ಅವರ ದರ ಹೆಚ್ಚಿತ್ತು, ಸಮಯವೂ ಹೆಚ್ಚು. ಕೆಲಸ ಅವರಿಗೇ ಕೊಟ್ಟೆ. ಆದರೆ ಹತ್ತು ಕಡೆ ಕೊಟೇಶನ್ ಕೊಟ್ಟರೆ ಎಂಟು ಕಡೆ ಸೋಲುತ್ತೇವೆ ಎಂದು ಅವರೇ ನಗುತ್ತಾ ಹೇಳಿದರು. ಮಂಜೂರಾತಿಯ ಹೊತ್ತಿನಲ್ಲಿ ಕಾರ್ಮಿಕರ ಕಲ್ಯಾಣಕ್ಕೆಂದು ಕಟ್ಟುವ ಶೇ 1ರ ಸೆಸ್ ಕೂಡ ಸಕ್ರಮವಾಗಿ ಕಟ್ಟುವವರ ಲೆಕ್ಕಕ್ಕೇ ಬರುತ್ತದೆ. ಕಳ್ಳದಾರಿಯವನಿಗೆ ಅದೂ ಉಳಿತಾಯ.

ನನ್ನ ಬೇಡಿಕೆ ದೊಡ್ಡದೇನಲ್ಲ. ಖಾಸಗಿ ಕಟ್ಟಡ ಗುತ್ತಿಗೆದಾರರಿಗೆ ಪಾಲಿಕೆಯಲ್ಲಿ ಕಡ್ಡಾಯ ನೋಂದಣಿ ತನ್ನಿ. ಪರೀಕ್ಷೆ, ಪದವಿ ಏನೂ ಬೇಡ. ಕೈಕೆಲಸದಿಂದಲೇ ಮೇಲೆ ಬಂದ ಮೇಸ್ತ್ರಿಗಳ ಅನ್ನ ಕಸಿಯುವಂತಾಗಬಾರದು. ಹೆಸರು, ಗುರುತು, ಒಂದು ನಂಬರ್, ಅಷ್ಟು ಸಾಕು. ನಕ್ಷೆ ಮಂಜೂರಾತಿ ಪತ್ರದಲ್ಲಿ ಎಂಜಿನಿಯರ್ ಹೆಸರಿನ ಕೆಳಗೆ ಆ ನಂಬರೂ ಇರಲಿ, ಕೆಲಸದ ಜಾಗದ ಬೋರ್ಡಿನಲ್ಲೂ ಇರಲಿ. ನಂಬರ್ ಇಲ್ಲದ ಬೋರ್ಡ್, ಬೋರ್ಡ್ ಇಲ್ಲದ ಸೈಟು ಕಂಡರೆ ಆ ದಿನವೇ ಕೆಲಸ ನಿಲ್ಲಲಿ. ಉಲ್ಲಂಘನೆಯ ಆದೇಶ ಮಾಲೀಕನ ಜೊತೆ ಗುತ್ತಿಗೆದಾರನ ಹೆಸರಿಗೂ ಹೋಗಲಿ, ದಂಡದಲ್ಲಿ ಅವನಿಗೂ ಪಾಲಿರಲಿ. ಎರಡನೇ ಸಲ ಸಿಕ್ಕಿಬಿದ್ದವನ ನೋಂದಣಿ ಐದೂ ಪಾಲಿಕೆಗಳಲ್ಲಿ ಒಟ್ಟಿಗೇ ಅಮಾನತಾಗಲಿ. ಇಲ್ಲದಿದ್ದರೆ ಪಶ್ಚಿಮದಲ್ಲಿ ಕಪ್ಪುಪಟ್ಟಿ ಸೇರಿದವನು ಮರುದಿನ ಉತ್ತರದಲ್ಲಿ ಕೊಟೇಶನ್ ಕೊಡುತ್ತಾನೆ. ಅಮಾನತಾದವರ ಪಟ್ಟಿ ಯಾರು ಬೇಕಾದರೂ ಮೊಬೈಲಿನಲ್ಲಿ ನೋಡುವಂತಿರಲಿ. ಇದಕ್ಕೆ ಕಾಯ್ದೆ ತಿದ್ದುಪಡಿ ಬೇಕೆಂದರೆ ಸರ್ಕಾರಕ್ಕೆ ಪ್ರಸ್ತಾವ ಕಳಿಸಿ. ನಕ್ಷೆಯ ಷರತ್ತುಗಳಲ್ಲೇ ಸೇರಿಸಬಹುದಾದಷ್ಟನ್ನು ಅದಕ್ಕೆ ಕಾಯದೆ ಸೇರಿಸಿ.

ಜನ ವಾಸವಿರುವ ಕಟ್ಟಡದ ಮೇಲೆ ಮಹಡಿ ಏರಿಸುವುದಕ್ಕೆ ಬೇರೆಯದೇ ನಿಯಮ ಬೇಕು. ಖಾಲಿ ಸೈಟಿನ ಕಟ್ಟಡಕ್ಕೂ ಇದಕ್ಕೂ ಒಂದೇ ನಮೂನೆ ಅರ್ಜಿ ಸಾಲದು. ಹಳೆಯ ಪಾಯವನ್ನು ಪರೀಕ್ಷಿಸಿದ ಸ್ಟ್ರಕ್ಚರಲ್ ಎಂಜಿನಿಯರ್ ವರದಿ ಇಲ್ಲದೆ ಮಂಜೂರಾತಿ ಬೇಡ. ಕೆಲಸ ಶುರುವಾಗುವ ಮೊದಲು ಪ್ರತಿ ಬಾಡಿಗೆದಾರನಿಗೂ ಬರಹದಲ್ಲಿ ತಿಳಿಸಬೇಕು. ಕಾಲಂ ಎದ್ದ ಮೇಲೆ, ಮೋಲ್ಡ್ ಹಾಕುವ ಮುಂಚೆ, ಒಮ್ಮೆ ಯಾರಾದರೂ ಬಂದು ಕಂಬಿ ನೋಡಬೇಕು, ಆ ತಪಾಸಣೆ ಇಲ್ಲದೆ ಭಾನುವಾರದ ಮೋಲ್ಡಿಗೆ ಅವಕಾಶ ಇರಬಾರದು.

ಮನೆ ಮಾಲೀಕರಾದ ನನ್ನವರಿಗೂ ಎರಡು ಮಾತು. ನಕ್ಷೆಯ ಶುಲ್ಕವನ್ನು ನೀವೇ ಆನ್‌ಲೈನಿನಲ್ಲಿ ಕಟ್ಟಿ, ಚಲನ್ ನಿಮ್ಮ ಹೆಸರಿನಲ್ಲೇ ಇರಲಿ. 'ಆಫೀಸ್ ಖರ್ಚು' ಎಂಬ ಸಾಲು ಕೊಟೇಶನ್‌ನಲ್ಲಿ ಕಂಡರೆ ಅಲ್ಲಿಗೇ ಮಾತು ಮುಗಿಸಿ. ಒಪ್ಪಂದ ಛಾಪಾ ಕಾಗದದಲ್ಲಿರಲಿ. ಮಂಜೂರಾದ ನಕ್ಷೆಯ ಪ್ರತಿ ಅದಕ್ಕೆ ಲಗತ್ತಾಗಿರಲಿ, ನಕ್ಷೆ ಮೀರಿದರೆ ದಂಡವೂ ಕೆಡವುವ ಖರ್ಚೂ ಗುತ್ತಿಗೆದಾರನದು ಎಂದು ಬರೆಸಿಕೊಳ್ಳಿ. ಇದನ್ನು ಕೇಳಿ ಮುಖ ಸಿಂಡರಿಸುವವನು ನಿಮ್ಮ ಕೆಲಸಕ್ಕೆ ಬೇಡ. ಕೊನೆಯ ಕಂತನ್ನು ಕೀ ಪಡೆದ ದಿನ ಕೊಡಬೇಡಿ, ಒಸಿ ಬೇಕಾದ ಕಟ್ಟಡವಾದರೆ ಅದು ಕೈಗೆ ಬಂದ ಮೇಲೆ, ಇಲ್ಲವಾದರೆ ಒಂದು ಮಳೆಗಾಲ ಕಳೆದ ಮೇಲೆ ಕೊಡಿ.

ಇನ್ನು ಬಾಡಿಗೆದಾರರು. ಇವರ ಬಗ್ಗೆ ನಿಮ್ಮ ಕಡತದಲ್ಲಿ ಒಂದಕ್ಷರವೂ ಇರುವುದಿಲ್ಲ. ಹನ್ನೊಂದು ತಿಂಗಳ ಕರಾರಿನವರು ಹೇಗೋ ಬೇರೆ ಮನೆ ಹುಡುಕಿಕೊಳ್ಳುತ್ತಾರೆ. ಭೋಗ್ಯಕ್ಕೆ ಇರುವವರ ಗತಿ ನೋಡಿ. ಊರಿನ ಜಮೀನು ಮಾರಿದ ದುಡ್ಡೋ, ಮಗಳ ಮದುವೆಗೆ ಕೂಡಿಟ್ಟಿದ್ದೋ, ಎಂಟು ಹತ್ತು ಲಕ್ಷವನ್ನು ಮಾಲೀಕನ ಕೈಗಿಟ್ಟು ಮೂರು ವರ್ಷ ನೆಮ್ಮದಿಯಾಗಿರೋಣ ಎಂದುಕೊಂಡಿರುತ್ತಾರೆ. ಆ ದುಡ್ಡೇ ಮೇಲಿನ ಅಕ್ರಮ ಮಹಡಿಗೆ ಹೋಗಿರುತ್ತದೆ. ಕೆಡವುವ ಆದೇಶ ಬಂದಾಗ ಮಾಲೀಕನ ಬಳಿ ವಾಪಸ್ ಕೊಡಲು ಏನೂ ಇರುವುದಿಲ್ಲ. ಆದೇಶ ಹೊರಡಿಸುವಾಗ ಆ ಕಟ್ಟಡದಲ್ಲಿ ಯಾರು ಯಾರು ವಾಸವಿದ್ದಾರೆ, ಯಾರ ಭೋಗ್ಯದ ಹಣ ಎಷ್ಟಿದೆ ಎಂದು ದಾಖಲಿಸುವ ಒಂದು ಹಾಳೆಯನ್ನು ಕಡತಕ್ಕೆ ಸೇರಿಸಿ. ನಾಳೆ ಅವರು ನ್ಯಾಯಾಲಯಕ್ಕೆ ಹೋದರೆ ಕೈಯಲ್ಲಿ ಅದಾದರೂ ಇರುತ್ತದೆ.

ಕೊನೆಯದಾಗಿ ದೂರಿನ ವಿಚಾರ. ನೆತ್ತಿಯ ಮೇಲೆ ಕೆಲಸ ನಡೆಯುವಾಗ ಮೊದಲು ಬಿರುಕು ಕಾಣುವುದು ಬಾಡಿಗೆದಾರನಿಗೆ. ಆತ ದೂರು ಕೊಟ್ಟ ಸಂಜೆಯೇ ಮಾಲೀಕನಿಗೆ ಅವನ ಹೆಸರು ಗೊತ್ತಾಗುತ್ತದೆ, ಮಾಲೀಕನಿಗಿಂತ ಮುಂಚೆ ಗುತ್ತಿಗೆದಾರನಿಗೆ ಗೊತ್ತಾಗುತ್ತದೆ. ಮರುದಿನ 'ಮನೆ ಖಾಲಿ ಮಾಡಿ'. ವಾಸವಿರುವ ಕಟ್ಟಡದ ಬಗ್ಗೆ ಬರುವ ದೂರುಗಳಲ್ಲಿ ದೂರುದಾರರ ಹೆಸರು, ಫೋನ್ ನಂಬರ್ ವಾರ್ಡ್ ಮಟ್ಟಕ್ಕೆ ಇಳಿಯದ ಹಾಗೆ ನಿಮ್ಮ ತಂತ್ರಾಂಶದಲ್ಲಿ ಬದಲಾವಣೆ ಮಾಡಿಸಿ. ನೋಂದಣಿಗೆ ಸಮಯ ಹಿಡಿಯಬಹುದು, ಕಾಯ್ದೆ ತಿದ್ದುಪಡಿಗೆ ಇನ್ನೂ ಹೆಚ್ಚು ಹಿಡಿಯಬಹುದು. ಇದಕ್ಕೆ ನಿಮ್ಮ ಒಂದು ಸುತ್ತೋಲೆ ಸಾಕು, ಈ ಮಳೆಗಾಲಕ್ಕೆ ಮುಂಚೆಯೇ ಹೊರಡಿಸಬಹುದು.

ಇಂತಿ,
ಬೆಂಗಳೂರಿನ ಒಬ್ಬ ಮನೆ ಮಾಲೀಕ